ಗಿಣಿ ಮಿಷನ್ನಿನ ಹಲ್ಲು

ಬೆಳಗಿನ ಐದೂವರೆ. ಭದ್ರಾವತಿಯ ಜನ್ನಾಪುರದ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಹಾಲಮ್ಮ ಮುಂಬಾಗಿಲು ತೆರೆದಿಟ್ಟು, ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತಿದ್ದಾರೆ. ಎದುರಿಗೆ ಒಂದು ಗಟ್ಟಿ ಸ್ಟೂಲು, ಅದರ ಅಂಚಿಗೆ ಬಿಗಿದ ಕಬ್ಬಿಣದ ಕೈಮಿಷನ್. ಮೇಲೆ ಕಾಳು ಸುರಿಯುವ ಬಾಯಿ, ಪಕ್ಕದಲ್ಲಿ ಮರದ ಹಿಡಿ, ಹೊಟ್ಟೆಯ ಮೇಲೆ ಉಬ್ಬಿ ನಿಂತ ಒಂದು ಗಿಣಿ. ಹಾಲಮ್ಮ ಅದರೊಳಗೆ ಏನನ್ನೂ ಹಾಕದೆ ಬರಿದೇ ತಿರುಗಿಸುತ್ತಾರೆ. ಕಿವಿಯನ್ನು ಹತ್ತಿರ ತಂದು ಕೇಳುತ್ತಾರೆ. ಮುಖ ಸಪ್ಪಗಾಗುತ್ತದೆ. ಮಿಷನ್ ಬಿಚ್ಚಿ, ಒಳಗಿನ ಹಲ್ಲಿನ ಬಿಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲನ್ನು ಉಜ್ಜುತ್ತಾರೆ.

"ಏಳು ಗಂಟೆ ಆದ್ರೆ ಮುಗೀತು ಮೇಡಮ್. ಎಲ್ಲಾರ ಮನೇಲೂ ಮಿಕ್ಸಿ ಶುರುವಾಗ್ತವೆ, ಆಮೇಲೆ ಇದರ ಸದ್ದು ಕೇಳಲ್ಲ. ಹಲ್ಲು ಸರಿಯಾಗಿ ಕೂತಿದ್ರೆ ರೇಷ್ಮೆ ಸೀರೆ ಸರಿದ ಹಂಗೆ ಸದ್ದು ಬರ್ಬೇಕು. ಇದು ನೋಡಿ, ಕೆಮ್ತಾ ಇದೆ" ಎನ್ನುತ್ತಾರೆ.

ನನಗೆ ಎರಡು ಸದ್ದಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡುಬಿಡುತ್ತೇನೆ. ಹಾಲಮ್ಮ ನಗುತ್ತಾರೆ. ಅವರಿಗೀಗ ಅರವತ್ತೆಂಟು. ಈ ಕೆಲಸ ಕಲಿತದ್ದು ಐವತ್ತೊಂಬತ್ತರಲ್ಲಿ. ಯಾರೂ ಕಲಿಸಲಿಲ್ಲ. ಕಲಿಸಬೇಕಾಗಿದ್ದವರು ಹೋದ ಮೇಲೆಯೇ ಅವರು ಅರ ಹಿಡಿದದ್ದು.

ಭದ್ರಾವತಿ, ಶಿವಮೊಗ್ಗದ ಹಳೆಯ ಮನೆಗಳಲ್ಲಿ ಈ ಯಂತ್ರವನ್ನು ಇವತ್ತಿಗೂ 'ಗಿಣಿ ಮಿಷನ್' ಎಂದೇ ಕರೆಯುತ್ತಾರೆ. ಹಾಲಮ್ಮನಿಗೆ ತಿಳಿದಂತೆ ನೂರ ಹದಿನೇಳು ಮಿಷನ್‌ಗಳು ಇನ್ನೂ ತಿರುಗುತ್ತಿವೆ. ಯಾವುದು ರವೀಂದ್ರನಗರದಲ್ಲಿದೆ, ಯಾವುದು ಆಯನೂರಿನಲ್ಲಿದೆ, ಯಾವುದರ ಹಿಡಿ ಸಡಿಲ, ಎಲ್ಲ ಅವರಿಗೆ ಬಾಯಿಪಾಠ. ತಿಂಗಳಿಗೆ ಐದಾರು ಮಿಷನ್ ಅವರ ಬಾಗಿಲಿಗೆ ಬರುತ್ತವೆ. ಒಂದು ಬಿಲ್ಲೆಗೆ ಮೂವತ್ತಾರು ಹಲ್ಲು, ಒಂದು ಮಿಷನ್ನಿಗೆ ಎರಡು ಬಿಲ್ಲೆ. ದಿನಕ್ಕೊಂದು ಬಿಲ್ಲೆ ಉಜ್ಜಿದರೆ ಮಣಿಕಟ್ಟು ಊದಿಕೊಳ್ಳುತ್ತದೆ. ಆದರೆ ಉಜ್ಜಿದಷ್ಟೂ ಹಲ್ಲು ಸವೆಯುತ್ತದೆ, ಸವೆದ ಬಿಲ್ಲೆಗೆ ಬದಲಿ ಬಿಲ್ಲೆ ಎಲ್ಲೂ ಸಿಗುವುದಿಲ್ಲ. ಆ ಬದಲಿ ಬಿಲ್ಲೆಯನ್ನು ಹೊಸದಾಗಿ ಎರಕ ಹೊಯ್ಯಿಸುವುದಕ್ಕೆಂದೇ ಅವರು ಒಂಬತ್ತು ವರ್ಷದಿಂದ ಒದ್ದಾಡುತ್ತಿದ್ದಾರೆ. ಎರಕ ಹೊಯ್ದುಕೊಡುವ ಶಿವಮೊಗ್ಗದ ಫೌಂಡ್ರಿಯವರು, ಈ ತಿಂಗಳ ಕೊನೆಗೆ ಮರಳಿನಲ್ಲಿ ಕೈಯಿಂದ ಅಚ್ಚೊತ್ತುವ ಕೆಲಸವನ್ನೇ ನಿಲ್ಲಿಸುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಅಲ್ಲಿ ಎರಕ ಹೊಯ್ಯುವುದು ಶನಿವಾರ ಮಾತ್ರ. ಉಳಿದಿರುವುದು ಒಂದೇ ಶನಿವಾರ.

ಈ ಮಿಷನ್ನಿನ ಹುಟ್ಟಿನ ಕತೆಯನ್ನು ನಾನು ಕೇಳಿದ್ದು ಹಾಲಮ್ಮನಿಂದ ಮತ್ತು ಅವರ ಗಂಡನ ಜೊತೆ ಕೆಲಸ ಮಾಡಿದ್ದ ಸುಬ್ಬಪ್ಪನವರಿಂದ. ಪುಟ್ಟಯ್ಯ ಎಂಬೊಬ್ಬರು ಐವತ್ತರ ದಶಕದ ಕೊನೆಗೆ ಭದ್ರಾವತಿಯಲ್ಲಿ 'ಲೋಕಾಂಬಾ ಫೌಂಡ್ರಿ' ಎಂಬ ಶೆಡ್ಡು ಹಾಕಿದರು. ಮೊದಲು ತಯಾರಿಸಿದ್ದು ಚರಂಡಿ ಮುಚ್ಚಳ, ಒಲೆಯ ಕಂಬಿ. ಒಮ್ಮೆ ಯಾರೋ ಸಾಹೇಬರ ಮನೆಯಿಂದ ಕಾಫಿ ಬೀಜ ಪುಡಿ ಮಾಡುವ ಪರದೇಶದ ಪುಟ್ಟ ಮಿಷನ್ ರಿಪೇರಿಗೆ ಬಂತು. ಪುಟ್ಟಯ್ಯ ರಿಪೇರಿ ಮಾಡಿ ವಾಪಸು ಕಳಿಸುವ ಮುಂಚೆ ಅದನ್ನು ಬಿಚ್ಚಿ ನೋಡಿದರು. ಇಷ್ಟು ಸಣ್ಣ ಬಾಯಿ ನಮ್ಮ ಮನೆಗಳಿಗೆ ಯಾವ ಮೂಲೆಗೆ ಅಂದುಕೊಂಡು ಬಾಯಿಯನ್ನು ಎರಡು ಪಟ್ಟು ಅಗಲ ಮಾಡಿದರು. ಧನಿಯ, ಮೆಣಸು, ಹುರಿದ ಕಡಲೆ, ಕಾಫಿ ಬೀಜ, ಎಲ್ಲವೂ ಇಳಿಯಬೇಕು. ಚಟ್ನಿಯನ್ನೂ ರುಬ್ಬಲಿ ಎಂದು ಆಸೆಪಟ್ಟರಂತೆ. ಮೊದಲ ಚಟ್ನಿ ಮಸಿಯಂತೆ ಕಪ್ಪಗೆ ಬಂದು, ಮನೆಯವರು ತಟ್ಟೆ ತಳ್ಳಿದ ಮೇಲೆ 'ಒಣ ಪದಾರ್ಥಕ್ಕೆ ಮಾತ್ರ' ಎಂದು ಚೀಟಿ ಅಂಟಿಸಿದರು.

ಗಿಣಿ ಬಂದದ್ದೂ ಹಾಗೆಯೇ, ಸೋತು. ಪುಟ್ಟಯ್ಯನವರಿಗೆ ಬೇಕಿದ್ದದ್ದು ನವಿಲು. ಆದರೆ ಎಷ್ಟು ಸಲ ಮಾಡಿದರೂ ನವಿಲಿನ ಗರಿ ಮರಳಿನಲ್ಲಿ ಮುರಿಯುತ್ತಿತ್ತು. ಮರಳಿಗೆ ಒತ್ತುವ ಮರದ ಅಚ್ಚು ಕೆತ್ತುತ್ತಿದ್ದ ಹುಡುಗ ಮಾಲೀಕರಿಗೆ ಹೇಳದೆ ಬಾಲವನ್ನು ಕತ್ತರಿಸಿ, ಕೊಕ್ಕನ್ನು ಬಾಗಿಸಿಬಿಟ್ಟ. ಎರಕದಲ್ಲಿ ಗಿಣಿ ಅಂದವಾಗಿ ಎದ್ದು ಬಂತು. ಆ ಹುಡುಗನೇ ಮುಂದೆ ಹಾಲಮ್ಮನ ಕೈಹಿಡಿದ ಮೂರ್ತಪ್ಪ.

ಒಳ್ಳೆಯ ಕಾಲದಲ್ಲಿ ಲೋಕಾಂಬಾ ಫೌಂಡ್ರಿಯಲ್ಲಿ ಇಪ್ಪತ್ತೆರಡು ಜನ ಇದ್ದರು, ತಿಂಗಳಿಗೆ ಮುನ್ನೂರು ಮಿಷನ್ ಹೊರಗೆ ಬೀಳುತ್ತಿದ್ದವು. ಮದುವೆಯಲ್ಲಿ ಹೆಣ್ಣಿಗೆ ಕೊಡುವ ಪಾತ್ರೆ ಸಾಮಾನಿನ ಜೊತೆ ಗಿಣಿ ಮಿಷನ್ ಇಡುವುದು ಈ ಕಡೆ ವಾಡಿಕೆಯೇ ಆಗಿತ್ತು. ಆಮೇಲೆ ಮಿಕ್ಸಿ ಬಂತು. ಹೊಸ ಮಿಷನ್ ನಿಂತು ಮೂವತ್ತು ವರ್ಷದ ಮೇಲಾಯಿತು. ಫೌಂಡ್ರಿ ಇನ್ನೊಂದು ಹತ್ತು ವರ್ಷ ಬರೀ ಹಲ್ಲಿನ ಬಿಲ್ಲೆ ಎರಕ ಹೊಯ್ಯುತ್ತ ಉಸಿರು ಹಿಡಿದುಕೊಂಡಿತ್ತು. ಮುಚ್ಚುವ ದಿನ ಪುಟ್ಟಯ್ಯನವರು ಏಳು ಮರದ ಅಚ್ಚುಗಳನ್ನು ಒಟ್ಟುಮಾಡಿ ಮೂರ್ತಪ್ಪನ ಕೈಗಿಟ್ಟರು. ಅಚ್ಚಿದ್ದರೆ ಮಿಷನ್ ಇದ್ದ ಹಾಗೆ, ನಿನ್ನ ಹತ್ತಿರ ಇರಲಿ ಎಂದರಂತೆ.

ಈಗೀಗ ಗಿಣಿ ಮಿಷನ್ನಿಗೆ ಬೇರೆ ಗಿರಾಕಿಗಳೂ ಹುಟ್ಟಿಕೊಂಡಿದ್ದಾರೆ. ಹೋಟೆಲಿನವರು, ರೆಸಾರ್ಟಿನವರು. ಕಳೆದ ವರ್ಷ ಒಬ್ಬರು ಹಾಲಮ್ಮನ ಮನೆಗೆ ಬಂದು, ತುಕ್ಕು ಹಾಗೇ ಇರಲಿ, ಉಜ್ಜಬೇಡಿ, ಅದೇ ಚೆಂದ ಎಂದು ಹೇಳಿ ಮಿಷನ್ ಕೇಳಿದರಂತೆ. ಬಾಯಿಯೊಳಗೆ ಮಣ್ಣು ತುಂಬಿ ಬಳ್ಳಿ ಹಬ್ಬಿಸುವ ಯೋಚನೆಯಂತೆ. ಇದನ್ನು ಕೇಳಿ ನನಗೆ ಬಂದ ಸಿಟ್ಟು ಹಾಲಮ್ಮನಿಗೆ ಬರಲಿಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿಲ್ಲ, ಅಷ್ಟೆ. "ತಿರುಗದೇ ಇರೋ ಮಿಷನ್ ತಗೊಂಡೋಗಿ ಏನ್ ಮಾಡ್ತಾರೆ ಮೇಡಮ್ ಅವರು?" ಎಂದು ನನ್ನನ್ನೇ ಕೇಳುತ್ತಾರೆ.

ಎರಡನೆಯ ಲೋಟ ಕಾಫಿಯ ಹೊತ್ತಿಗೆ ನಾನು ಸಹಜವಾಗಿಯೇ ಕೇಳುತ್ತೇನೆ, ಆ ಏಳು ಅಚ್ಚು ಎಲ್ಲಿವೆ, ಒಂದು ಫೋಟೋ ತೆಗೆಯಬಹುದೇ ಎಂದು. ಹಾಲಮ್ಮ ಅರವನ್ನು ಕೆಳಗಿಡುತ್ತಾರೆ.

"ಅವನ್ನ ನಾನೇ ಸುಟ್ಟೆ" ಎನ್ನುತ್ತಾರೆ.

ಫೌಂಡ್ರಿ ಮುಚ್ಚಿದ ಮೇಲೆ ಮೂರ್ತಪ್ಪ ಊರಿನ ಹೊಸಮನೆ ಬಡಾವಣೆಯ ಒಂದು ಮರಗೆಲಸದ ಅಂಗಡಿಗೆ ಸೇರಿದರು. ಮನೆಯ ಗೋಡೆಗೆಲ್ಲ ಗೆದ್ದಲು, ಹಾಗಾಗಿ ಅಚ್ಚುಗಳನ್ನು ಅಂಗಡಿಯಲ್ಲೇ ಇಟ್ಟುಕೊಂಡಿದ್ದರು. ವರ್ಷಕ್ಕೊಮ್ಮೆ ಎಲ್ಲಾದರೂ ನಾಲ್ಕು ಜೋಡಿ ಬಿಲ್ಲೆ ಎರಕ ಹೊಯ್ಯಿಸಿ ಕೇಳಿದವರಿಗೆ ಹಾಕಿಕೊಡುತ್ತಿದ್ದರು. ಹಾಲಮ್ಮ ಆಗ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಗಂಡನ ಕೆಲಸದ ಕಡೆ ತಲೆ ಹಾಕುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಅಂಗಡಿಯಿಂದ ವಾರಕ್ಕೊಂದು ಚೀಲ ಮರದ ಚೂರು ಮನೆಗೆ ಬರುತ್ತಿತ್ತು, ಹಂಡೆಯ ಒಲೆಗೆ. ಹತ್ತು ವರ್ಷದಿಂದ ಹಾಗೆ ಬರುತ್ತಲೇ ಇತ್ತು.

ಹತ್ತು ವರ್ಷದ ಹಿಂದೆ, ಆಷಾಢದಲ್ಲಿ, ಮೂರ್ತಪ್ಪನಿಗೆ ಲಕ್ವ ಹೊಡೆಯಿತು. ಮೂರು ವಾರ ಶಿವಮೊಗ್ಗದ ಆಸ್ಪತ್ರೆ. ಅಷ್ಟರಲ್ಲಿ ಅಂಗಡಿಯವರು ಬೇರೆ ಕಡೆಗೆ ಜಾಗ ಬದಲಿಸಿದರು. ಮೂರ್ತಪ್ಪನ ಸಾಮಾನನ್ನು ಎರಡು ಗೋಣಿಚೀಲದಲ್ಲಿ ತುಂಬಿ, ಯಾರೂ ಇಲ್ಲದ ಮನೆಯ ಹಿತ್ತಲಿಗೆ ಇಳಿಸಿ ಹೋದರು. ಒಂದರಲ್ಲಿ ಚೂರು, ಇನ್ನೊಂದರಲ್ಲಿ ಅಚ್ಚು.

"ಬಲಗಡೆ ಕೈಕಾಲು ಎರಡೂ ಬಿದ್ದೋಗಿತ್ತು. ದಿನಾ ಬಿಸಿನೀರು ಹಾಕಿ ತಿಕ್ಕಮ್ಮಾ ಅಂದಿದ್ರು ಡಾಕ್ಟ್ರು. ಸೌದೆ ಎಲ್ಲಾ ನೆನೆದು ತೊಪ್ಪೆ. ಆ ಚೀಲ ಬಿಚ್ಚಿದೆ. ಅರ್ಧ ಚಂದ್ರದ ಥರ, ಬಟ್ಟಲ ಥರ ತುಂಡುಗಳು, ಕೆಂಪು ಬಣ್ಣ ಬೇರೆ ಬಳಿದಿತ್ತು. ಯಾವುದೋ ಕುರ್ಚಿದು ಕಾಲು, ಕೆಟ್ಟೋಗಿರ್ಬೇಕು ಅಂದ್ಕೊಂಡೆ. ಹನ್ನೊಂದು ದಿನ ಬಂತು. ಚೆನ್ನಾಗಿ ಉರೀತು. ತೇಗ ಅಲ್ವಾ."

ಹಾಲಮ್ಮ ಇದನ್ನು ಅಳದೇ ಹೇಳುತ್ತಾರೆ. ಅಳುವುದು ನನ್ನ ಪಾಲಿಗೆ ಬಂತು. ಹನ್ನೆರಡನೆಯ ದಿನ ಮೂರ್ತಪ್ಪ ಸೊಟ್ಟಗಾದ ಬಾಯಲ್ಲಿ ಮೊದಲ ಬಾರಿಗೆ ಬಿಡಿಸಿ ಹೇಳಿದ ಮಾತು 'ಅಚ್ಚು'. ಹೆಂಡತಿಗೆ ಅರ್ಥವಾಗಲಿಲ್ಲ. ಎಡಗೈಯಿಂದ ಗಾಳಿಯಲ್ಲಿ ದುಂಡಗೆ ಬರೆದು ತೋರಿಸಿದಾಗ ಅರ್ಥವಾಯಿತು. ಬಚ್ಚಲಿಗೆ ಹೋಗಿ ಒಲೆಯ ಬೂದಿ ಕೆದಕಿದರು. ಅಚ್ಚಿನ ಎರಡು ಹೋಳನ್ನು ಸೇರಿಸುವ ಹಿತ್ತಾಳೆ ಮೊಳೆಗಳು ಮಾತ್ರ ಸಿಕ್ಕವು.

"ಇದೆ ಅಂದ್ಬಿಟ್ಟೆ. ಅಟ್ಟದ ಮೇಲೆ ಇಟ್ಟಿದೀನಿ ಅಂದೆ. ಅವರಿಗೆ ಹತ್ತಿ ನೋಡಕ್ಕೆ ಆಗಲ್ಲ ಅಂತ ಗೊತ್ತಿತ್ತಲ್ಲ ನಂಗೆ. ಹದಿನಾಲ್ಕು ತಿಂಗಳು ಬದುಕಿದ್ರು. ಎರಡು ದಿನಕ್ಕೊಂದ್ಸಲ ಕೇಳೋರು. ಎರಡು ದಿನಕ್ಕೊಂದ್ಸಲ ನಾನು ಇದೆ ಅನ್ನೋಳು." ನನ್ನ ನೋಟ್‌ಬುಕ್ಕನ್ನು ತೋರಿಸಿ ಹೇಳುತ್ತಾರೆ, "ಇದನ್ನೂ ಬರ್ಕೊಳಿ. ಬರೀದೇ ಇದ್ರೆ ನಾನೇನೋ ದೊಡ್ಡ ಕೆಲಸ ಮಾಡ್ತಿದೀನಿ ಅಂದ್ಕೊಂಡ್ಬಿಡ್ತಾರೆ ಜನ."

ಗಂಡನ ವೈಕುಂಠ ಸಮಾರಾಧನೆ ಮುಗಿದ ವಾರ ಹಾಲಮ್ಮ ಒಂದು ಹಳೆಯ ಬಿಲ್ಲೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ಲೋಕಾಂಬಾದಲ್ಲಿ ಮರಳಿನ ಕೆಲಸ ಮಾಡುತ್ತಿದ್ದ ಸುಬ್ಬಪ್ಪ ಅಲ್ಲಿಯ ಒಂದು ಫೌಂಡ್ರಿಯಲ್ಲಿದ್ದರು. ಈ ಬಿಲ್ಲೆಯನ್ನೇ ಮರಳಿಗೊತ್ತಿ ಅಂಥದ್ದೇ ಇನ್ನೊಂದು ಮಾಡಿಕೊಡಿ ಎಂದು ಕೇಳಿದರು. ಇದರಲ್ಲೇನು ಕಷ್ಟ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

"ನಾನು ಹೇಳ್ದೆ ಹಾಲಕ್ಕಂಗೆ. ಕೇಳ್ಬೇಕಲ್ಲ" ಎನ್ನುತ್ತಾರೆ ಸುಬ್ಬಪ್ಪ. "ಬೀಡು, ಅದೇ ಎರಕದ ಕಬ್ಬಿಣ, ಆರುವಾಗ ಕುಗ್ಗುತ್ತೆ. ಅಡಿಗೆ ಒಂದು ನೂಲು, ಅಂದ್ರೆ ಇಂಚಿನ ಎಂಟರಲ್ಲೊಂದು ಪಾಲು. ಬಿಲ್ಲೆ ಇಟ್ಟು ಬಿಲ್ಲೆ ತೆಗೆದ್ರೆ ಮರಿ ತಾಯಿಗಿಂತ ಸಣ್ಣದು. ಆ ಮರಿ ಇಟ್ಟು ಇನ್ನೊಂದು ತೆಗೆದ್ರೆ ಇನ್ನೂ ಸಣ್ಣದು. ಮೂರ್ತಪ್ಪನ ಸ್ಕೇಲೇ ಬೇರೆ ಇತ್ತು. ಅದರಲ್ಲಿ ಒಂದಡಿ ಅಂದ್ರೆ ಅಂಗಡಿ ಸ್ಕೇಲಿಗಿಂತ ಒಂದು ನೂಲು ಉದ್ದ. ಕುಗ್ಗೋದನ್ನ ಮೊದಲೇ ಸೇರಿಸಿ ಕೆತ್ತೋನು."

ಆ ಸ್ಕೇಲನ್ನು ಹಾಲಮ್ಮ ಚೆನ್ನಾಗಿ ಬಲ್ಲರು. ಮದುವೆಯಾದ ಹೊಸದರಲ್ಲಿ, ಬಚ್ಚಲಿಗೆ ಬಾಗಿಲು ಮಾಡಿಸಲೆಂದು ಚೌಕಟ್ಟನ್ನು ಅಂಗಡಿ ಸ್ಕೇಲಿನಲ್ಲಿ ಅಳೆದು, ಬಡಗಿಯ ಕೈಗೆ ಮಾತ್ರ ಗಂಡನಿಗೆ ಹೇಳದೆ ಈ ಸ್ಕೇಲನ್ನು ಕೊಟ್ಟು ಕಳಿಸಿದ್ದರಂತೆ. ಬಡಗಿ ಅದನ್ನೇ ಹಿಡಿದು ಬಾಗಿಲು ಮಾಡಿದ. ಆರಡಿ ಬಾಗಿಲು, ಆರು ನೂಲು ಹೆಚ್ಚು. ಬಾಗಿಲು ಮುಚ್ಚಲಿಲ್ಲ. "ಎಂಟು ದಿನ ಬಾಗಿಲಿಗೆ ಸೀರೆ ಕಟ್ಕೊಂಡು ಸ್ನಾನ ಮಾಡ್ದೆ ಮಾರಾಯ್ತಿ. ಅವರು ನಕ್ಕಿದ್ದೇ ನಕ್ಕಿದ್ದು" ಎಂದು ಹೇಳುವಾಗ ಹಾಲಮ್ಮನ ಮುಖ ಇಪ್ಪತ್ತು ವರ್ಷ ಎಳೆಯದಾಗುತ್ತದೆ. ಆ ಸ್ಕೇಲು ಮರದ್ದು. ಅದೂ ಅದೇ ಚೀಲದಲ್ಲಿದ್ದು, ತುಂಡುಗಳ ನಡುವೆ ಕಣ್ಣಿಗೆ ಬೀಳದೆ ಒಲೆಗೆ ಹೋಗಿತ್ತು.

ಮೊದಲ ಮೂರು ವರ್ಷ ಬಂದ ಬಿಲ್ಲೆಗಳೆಲ್ಲ ಸಣ್ಣವು. ಮಿಷನ್ನಿನೊಳಗೆ ಗಡಗಡ ಅಲ್ಲಾಡಿ ಕಾಳನ್ನು ಹಾಗೇ ಉಗುಳಿದವು. ಆಮೇಲೆ ನವುಲೆಯ ಮರಗೆಲಸದ ಪ್ರಕಾಶ್ ಅವರನ್ನು ಹಿಡಿದರು. ಪ್ರಕಾಶ್ ಕುರ್ಚಿ ಮೇಜು ಮಾಡುವವರು, ಎರಕದ ಅಚ್ಚನ್ನು ಕಂಡವರಲ್ಲ. ಬಿಲ್ಲೆಯನ್ನು ಜೇಡಿಮಣ್ಣಿಗೊತ್ತಿ, ಆ ಗುರುತನ್ನು ನೋಡಿಕೊಂಡು ಹಾಗೆಯೇ ಕೆತ್ತಿದರು, ಸುಬ್ಬಪ್ಪ ಹೇಳಿದ ನೂಲಿನ ಲೆಕ್ಕವನ್ನೂ ಸೇರಿಸಿ. ಎರಕ ಅಳತೆಗೆ ಸರಿಯಾಗಿ ಬಂತು. ಆದರೆ ಹಳ್ಳ ಇದ್ದಲ್ಲಿ ಹಲ್ಲು, ಹಲ್ಲು ಇದ್ದಲ್ಲಿ ಹಳ್ಳ. ಹಲ್ಲಿನ ಓಟವೂ ತಿರುಗುಮುರುಗು. ಮಿಷನ್ನನ್ನು ಹಿಂದಕ್ಕೆ ತಿರುಗಿಸಿದರೆ ಮಾತ್ರ ಪುಡಿ. ಹಾಗೆ ಬಂದ ಎರಡು ಜೋಡಿಯನ್ನು ಎಡಗೈ ರೂಢಿಯಿದ್ದ ಇಬ್ಬರನ್ನು ಹುಡುಕಿ ಹಾಕಿಕೊಟ್ಟಿದ್ದಾರೆ. ಉಳಿದ ಕೆಟ್ಟ ಬಿಲ್ಲೆಗಳು, ಮೂವತ್ತೊಂದು ಜೋಡಿ, ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಕೂತಿವೆ. ನೀರು ಕಾಯಿಸಲು ಹೋದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು ಅಲ್ಲೇ ಇಟ್ಟಿದ್ದಾರೆ.

ದಾರಿ ತೋರಿಸಿದ್ದು ಮಗಳು ಯಶೋಧರಾ. ತಾಯಿಯ ಜೊತೆಯಲ್ಲೇ ಇರುವ ಆಕೆ ಭದ್ರಾವತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಈ ಹುಚ್ಚು ಬಿಡಮ್ಮ ಎಂದು ಎಂಟು ವರ್ಷ ಜಗಳವಾಡಿದ ಮೇಲೆ, ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಪತ್ರವನ್ನು ಚಿಕ್ಕದು ಮಾಡುತ್ತಿದ್ದಾಗ ಹೊಳೆಯಿತಂತೆ.

"ಅಡಿಗೆ ಒಂದು ನೂಲು ಅಂದ್ರೆ ಲೆಕ್ಕ ಹಾಕಿ ನೋಡ್ದೆ, ನೂರಕ್ಕೆ ಒಂದು. ಜೆರಾಕ್ಸ್ ಮಿಷನ್ನಲ್ಲಿ ನೂರೊಂದು ಅಂತ ಒತ್ತಿದ್ರೆ ಆಯ್ತಲ್ಲ! ಬಿಲ್ಲೆನೇ ಗಾಜಿನ ಮೇಲೆ ಬೋರಲು ಹಾಕ್ದೆ, ಹಲ್ಲು ತಿರುಗುಮುರುಗೂ ಆಗಲ್ಲ. ಓನರ್ ಬೈದ್ರು, ಗಾಜು ಗೀರುತ್ತೆ ಅಂತ" ಎನ್ನುತ್ತಾರೆ ಯಶೋಧರಾ.

ಸವೆಯದ ಬಿಲ್ಲೆಗಳನ್ನು ರವೀಂದ್ರನಗರದ ಪ್ರೇಮಮ್ಮ ಕೊಟ್ಟರು. ತಮ್ಮ ಮದುವೆಯ ಮಿಷನ್ನಿನ ಜೊತೆ ಬಂದಿದ್ದ ಹೆಚ್ಚುವರಿ ಜೋಡಿ, ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮರೆತದ್ದು. ಹಲ್ಲಿನ ಆಳವನ್ನು ಹಾಲಮ್ಮನೇ ದಬ್ಬಣ ಇಳಿಸಿ ಇಳಿಸಿ ಅಳೆದರು. ನೂರೊಂದರ ಜೆರಾಕ್ಸ್ ಕಾಗದವನ್ನು ತೇಗದ ಹಲಗೆಗೆ ಅಂಟಿಸಿ ಪ್ರಕಾಶ್ ಜೋಡಿಯ ಎರಡು ಅಚ್ಚನ್ನೂ ಮತ್ತೆ ಕೆತ್ತಿದರು. ಈ ಅಚ್ಚು ಸಿದ್ಧವಾದ ಮರುವಾರವೇ ಫೌಂಡ್ರಿಯ ಸುದ್ದಿ ಬಂದದ್ದು.

ಆ ಕೊನೆಯ ಶನಿವಾರ ನಾನೂ ಅವರ ಜೊತೆ ಬಸ್ಸಿನಲ್ಲಿದ್ದೇನೆ. ಅಚ್ಚು ಹಾಲಮ್ಮನ ಮಡಿಲಲ್ಲಿದೆ, ಟವೆಲಿನಲ್ಲಿ ಸುತ್ತಿಕೊಂಡಿದ್ದಾರೆ. ಕಂಡಕ್ಟರ್ ಅದೇನಮ್ಮ ಎಂದು ಕೇಳಿದರೆ ದೇವರ ಸಾಮಾನು ಎನ್ನುತ್ತಾರೆ. ಫೌಂಡ್ರಿಯಲ್ಲಿ ಎಪ್ಪತ್ತು ದಾಟಿದ ಸುಬ್ಬಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಪ್ಪು ಮರಳನ್ನು ಜರಡಿ ಹಿಡಿದು, ಅಚ್ಚಿನ ಮೇಲೆ ಅಂಗೈಯಿಂದ ಒತ್ತುತ್ತಾರೆ. ಅಚ್ಚನ್ನು ಮೇಲೆತ್ತುವಾಗ ಉಸಿರು ಹಿಡಿಯುತ್ತಾರೆ. ಮೂವತ್ತಾರು ಹಲ್ಲಿನ ಗುರುತೂ ಮರಳಿನಲ್ಲಿ ಉಳಿಯುತ್ತದೆ. ಸಂಜೆ ನಾಲ್ಕಕ್ಕೆ ಕುಲುಮೆಯ ಕೊನೆಯ ಸುತ್ತಿನಲ್ಲಿ ಉಳಿದ ಕೆಂಪು ಬೀಡನ್ನು ಮರಳಿನಲ್ಲಿ ಒತ್ತಿದ ಆರು ಗುಂಡಿಗೆ ಹೊಯ್ಯುತ್ತಾರೆ. ಇನ್ನು ಆರಬೇಕು. ನಾಳೆ ಬನ್ನಿ ಎನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮರಳು ಒಡೆಯುತ್ತಾರೆ. ಆರರಲ್ಲಿ ಎರಡರೊಳಗೆ ಗಾಳಿ ಸಿಕ್ಕಿ ತೂತಾಗಿದೆ. ನಾಲ್ಕು ಚೆನ್ನಾಗಿವೆ, ಎಂದರೆ ಎರಡು ಜೋಡಿ. ಹಾಲಮ್ಮ ಅಲ್ಲೇ ನೆಲದ ಮೇಲೆ ಕೂತು ಅಂಚನ್ನು ಅರದಿಂದ ಸವರಿ, ತಂದಿದ್ದ ಮಿಷನ್ನಿಗೆ ಒಂದು ಜೋಡಿಯನ್ನು ಕೂರಿಸುತ್ತಾರೆ. ಬಿಲ್ಲೆ ಅಲ್ಲಾಡುವುದಿಲ್ಲ. ಹಿಡಿ ತಿರುಗಿಸುತ್ತಾರೆ. ಭಾನುವಾರವಾದ್ದರಿಂದ ಫೌಂಡ್ರಿಯ ಯಂತ್ರಗಳೆಲ್ಲ ನಿಂತಿವೆ. ಈ ಸಲ ನನಗೂ ಕೇಳಿಸುತ್ತದೆ, ಮೆತ್ತಗೆ, ಬಟ್ಟೆ ಸರಿದ ಹಾಗೆ.

"ಬಂತಲ್ಲ ಹಾಲಕ್ಕ" ಎನ್ನುತ್ತಾರೆ ಸುಬ್ಬಪ್ಪ. ಹಾಲಮ್ಮ ಕೈ ನಿಲ್ಲಿಸದೆ ತಿರುಗಿಸುತ್ತಲೇ ಇರುತ್ತಾರೆ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದಕ್ಕೆ ಎಡಗೈಯನ್ನು ಮಾತ್ರ ಬಿಡುತ್ತಾರೆ.

ಆ ಹೊತ್ತಿಗೆ ಇಬ್ಬರು ಸಲಿಕೆ ಹಿಡಿದು ಬಂದು, ನಮ್ಮ ಪಕ್ಕದಿಂದಲೇ ನೆಲದ ಕಪ್ಪು ಮರಳನ್ನು ತಳ್ಳುಗಾಡಿಗೆ ತುಂಬತೊಡಗುತ್ತಾರೆ. ಸೋಮವಾರ ಇಲ್ಲಿ ಹೊಸ ಯಂತ್ರಕ್ಕೆ ಕಟ್ಟೆ ಕಟ್ಟುತ್ತಾರೆ. ಆ ಯಂತ್ರ ಒಂದೇ ಥರದ್ದು ಸಾವಿರಗಟ್ಟಲೆ ಇದ್ದರೆ ಮಾತ್ರ ಅಚ್ಚೊತ್ತುತ್ತದೆ, ನಾಲ್ಕು ಬಿಲ್ಲೆಗಾಗಿ ತಿರುಗುವುದಿಲ್ಲ. ಸುಬ್ಬಪ್ಪನವರಿಗೆ ನಾಳೆಯಿಂದ ಕೆಲಸವಿಲ್ಲ. ಬೇರೆ ಕಡೆ ಕೈಯಿಂದ ಅಚ್ಚೊತ್ತುವವರು ಇದ್ದಾರೆಯೇ ಎಂದು ಕೇಳಿದರೆ ಅವರು ಕೈಯ ಮರಳು ಕೊಡವಿಕೊಳ್ಳುತ್ತಾರೆ.

"ಅಚ್ಚು ಇಲ್ದಾಗ ಎರಕ ಇತ್ತು. ಈಗ ಅಚ್ಚಿದೆ, ಎರಕ ಇಲ್ಲ" ಎನ್ನುತ್ತಾರೆ ಹಾಲಮ್ಮ, ಬಸ್ಸಿಗೆ ನಡೆಯುತ್ತ. "ಲೋಕಾಂಬಾ ಮುಚ್ಚಿದ ದಿನ ನಮ್ಮೆಜಮಾನ್ರು ಮನೆಗೆ ಬಂದು ಸುಮ್ನೆ ಕೂತಿದ್ರು. ಯಾಕೆ ಹಂಗೆ ಕೂತಿದಾರೆ ಅಂತ ಅವತ್ತು ಕೇಳ್ಲಿಲ್ಲ ನಾನು."

ಎರಡು ಜೋಡಿಯಲ್ಲಿ ಒಂದು, ತಮ್ಮ ಜೋಡಿಯನ್ನು ಕೊಟ್ಟ ಪ್ರೇಮಮ್ಮನಿಗೆ, ಇನ್ನೊಂದು ಆಯನೂರಿಗೆ ಎಂದು ಆಗಲೇ ಮಾತಾಗಿದೆ. ಅವರಿಗೆ ಉಳಿಯುವುದು ಅಚ್ಚು ಮಾತ್ರ, ಏಳರಲ್ಲಿ ಎರಡು. ಮನೆಗೆ ಬಂದ ಮೇಲೆ ಯಶೋಧರಾ ಒಂದು ಮರದ ಪೆಟ್ಟಿಗೆ ತಂದಿಡುತ್ತಾರೆ. ಹಾಲಮ್ಮ ಬೇವಿನ ಸೊಪ್ಪು ಹಾಸಿ ಅಚ್ಚುಗಳನ್ನು ಮಲಗಿಸುತ್ತಾರೆ. ಮುಂದೆ ಯಾರಾದರೂ ಎರಕ ಹೊಯ್ಯುವವರು ಸಿಕ್ಕರೆ ಇರಲಿ, ಅಷ್ಟೇ ಅವರ ಆಸೆ. ಮುಚ್ಚಳ ಮುಚ್ಚಿ, ಅಂಗಡಿಯಿಂದ ಮಗಳು ತಂದ ದಪ್ಪ ಮಾರ್ಕರನ್ನು ನನ್ನ ಕೈಗೆ ಕೊಡುತ್ತಾರೆ. ನಿಮ್ಮ ಅಕ್ಷರ ಚೆನ್ನಾಗಿರುತ್ತೆ, ಪೆಟ್ಟಿಗೆಯ ಮೇಲೆ ನೀವೇ ಬರೆಯಿರಿ ಎನ್ನುತ್ತಾರೆ.

ಮೂರ್ತಪ್ಪನವರ ಹೆಸರು ಬರೆಯಲೇ, ಫೌಂಡ್ರಿಯದೇ ಎಂದು ಕೇಳುತ್ತೇನೆ.

"ಹೆಸರೆಲ್ಲ ಆಮೇಲೆ. ಮೊದಲು 'ಇದು ಸೌದೆ ಅಲ್ಲ' ಅಂತ ಬರೀರಿ. ದಪ್ಪಕ್ಕೆ, ನಾಕೂ ಕಡೆ. ನನ್ನಂಥೋಳು ಇನ್ನೊಬ್ಳು ಎಲ್ಲೋ ಇದ್ದೇ ಇರ್ತಾಳೆ ಮಾರಾಯ್ತಿ. ಅವಳಿಗೆ ಗೊತ್ತಾಗ್ಲಿ."